ಬಳ್ಳಿಯಲ್ಲಿ ಮೂರು ಬಿಳಿ ಚುಕ್ಕೆ

ನನ್ನ ತಂಗಿ ನೀಲಾಗೆ ನಾನು ಮೂರು ಕಾರ್ಡುಗಳ ವಿಷಯ ಹೇಳಲಿಲ್ಲ. ಹೇಳಿದ್ದರೆ ಅಕ್ಕಲಕೋಟೆಯ ಅವಳ ಮಗ್ಗ ಇನ್ನೂ ಓಡುತ್ತಿತ್ತೋ ಏನೋ, ಅದು ನನಗೆ ಗೊತ್ತಿಲ್ಲ. ಹೇಳದೆ ಇದ್ದದ್ದರಿಂದ ಮಗ್ಗ ನಿಂತಿತು ಎನ್ನುವುದು ಗೊತ್ತು. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ನಾನು ಕೊನೆಗೆ ಕೆಲಸ ಮಾಡಿದ ಸೊಲ್ಲಾಪುರದ ಕಾರ್ಖಾನೆಯಲ್ಲಿ ಈಗ ಹುಡುಗಿಯರು ಕಂಪ್ಯೂಟರ್ ಮುಂದೆ ಕೂತು ಚಾದರದ ಹೂವು ಬರೆಯುತ್ತಾರೆ. ನಿವೃತ್ತಿಯಾಗಿ ಹೊರಡುವಾಗ ಅವರಲ್ಲಿ ಒಬ್ಬಳು, "ಅಜ್ಜಿ, ನಿಮ್ಮ ಕಾಲದಾಗ ಇದನ್ನ ಹೆಂಗ ಮಾಡ್ತಿದ್ರಿ, ಬರದ ಕೊಡ್ರಿ" ಎಂದಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆದು ಕೊಡುತ್ತೇನೆ, ತಂಗಿಯ ಮಾತೂ ಅದರಲ್ಲಿ ಬರುತ್ತದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೂಂ ಎಂದಳು.

ಮೊದಲು ಕಾರ್ಡು ಎಂದರೆ ಏನು ಅಂತ ಹೇಳಬೇಕು. ಜಕಾರ್ಡ್ ಮಗ್ಗದ ತಲೆಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದರ ಮುಂದೆ ದಪ್ಪ ರಟ್ಟಿನ ಕಾರ್ಡುಗಳ ಮಾಲೆಯೊಂದು ಸುತ್ತುತ್ತದೆ. ಅಡ್ಡ ಹಾಯುವ ಹೊಕ್ಕಿನ ಪ್ರತಿ ಎಳೆಗೆ ಒಂದು ಕಾರ್ಡು. ಕಾರ್ಡಿನಲ್ಲಿ ತೂತಿದ್ದಲ್ಲಿ ಪೆಟ್ಟಿಗೆಯ ಸೂಜಿ ಒಳಗೆ ನುಗ್ಗುತ್ತದೆ, ಅದಕ್ಕೆ ಸೇರಿದ ಹುಕ್ಕು ಉದ್ದಕ್ಕಿರುವ ಹಾಸಿನ ಎಳೆಯನ್ನು ಮೇಲೆ ಎತ್ತುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಇಷ್ಟೇ. ನವಿಲು, ಮಾವಿನಕಾಯಿ, ಕಮಲ, ಯಾವುದೇ ಇರಲಿ, ಮಗ್ಗಕ್ಕೆ ಗೊತ್ತಿರುವುದು ಎರಡೇ ಸಂಗತಿ: ತೂತು ಇದೆ, ತೂತು ಇಲ್ಲ. ಎರಡೇ ಸಂಗತಿಯಿಂದ ನವಿಲಿನ ಕಣ್ಣು ಹೇಗೆ ಬರುತ್ತದೆ ಎಂಬ ಸೋಜಿಗ ನನಗೆ ಇವತ್ತಿಗೂ ತೀರಿಲ್ಲ.

ನಮ್ಮಪ್ಪನದು ಸೊಲ್ಲಾಪುರದ ನವಿ ಪೇಠದಲ್ಲಿ ಚಾದರದ ಅಂಗಡಿ. ಮನೆಯ ಹಿಂದಿನ ಪತ್ರಾದ, ಅಂದರೆ ತಗಡಿನ, ಶೆಡ್ಡಿನಲ್ಲಿ ನಮ್ಮವೇ ಕೆಲವು ಮಗ್ಗ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಗಂಡನ ಮನೆಯಿಂದ ತಿರುಗಿ ಬಂದಿದ್ದೆ. ಆ ಕತೆ ಇಲ್ಲಿ ಬೇಡ. ತವರಿಗೆ ಬಂದವಳಿಗೆ ಕೆಲಸ ಬೇಕಲ್ಲ, ನನಗೆ ಕಾರ್ಡು ಪೋಣಿಸುವ ಕೆಲಸ ಬಿತ್ತು. ತೂತು ಹೊಡೆಯುವುದು ಗಂಡಸರ ಕೆಲಸ, ಹೊಡೆದ ಕಾರ್ಡುಗಳನ್ನು ಸಾಲಾಗಿ ಇಟ್ಟು ದಾರದಿಂದ ಮಾಲೆ ಕಟ್ಟುವುದು ಹೆಂಗಸರದು. ಹೊಡೆಯುವವನು ನರಸಯ್ಯ ಮಾಸ್ತರ. ತೆಲುಗು ಮನೆಮಾತಿನವನು; ನಮ್ಮೊಂದಿಗೆ ಕನ್ನಡ, ಅಪ್ಪನೊಂದಿಗೆ ಮರಾಠಿ, ಸಿಟ್ಟು ಬಂದಾಗ ದಖನಿ. ನಮ್ಮ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ತೋರಿಸಿ ಕೂರುತ್ತಿದ್ದ. ಚಹಾ ತಂದಿಟ್ಟರೆ ಮೊದಲು ಗ್ರಾಫ್ ಕಾಗದದ ಮೇಲೆ ಟವೆಲ್ ಮುಚ್ಚಿ ಆಮೇಲೆ ಕಪ್ಪು ತೆಗೆದುಕೊಳ್ಳುತ್ತಿದ್ದ.

ಮುಚ್ಚಿದ್ದರಿಂದಲೇ ನನಗೆ ನೋಡಬೇಕೆನಿಸಿತು. ಕಾಗದ ಮುಚ್ಚಿದರೇನು, ಕಾರ್ಡು ನನ್ನ ಕೈಯಲ್ಲೇ ಇತ್ತಲ್ಲ. ಪೋಣಿಸುವ ಮುಂಚೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಮೊದಮೊದಲು ಜರಡಿ ನೋಡಿದ ಹಾಗಿತ್ತು. ಆಮೇಲೆ ಒಂದು ಹಳೆಯ ಚಾದರ ತೊಡೆಯ ಮೇಲೆ ಹಾಸಿಕೊಂಡು, ಸೂಜಿಯಿಂದ ಹೊಕ್ಕಿನ ಒಂದೊಂದೇ ಎಳೆ ಬಿಚ್ಚುತ್ತ, ಬಿಚ್ಚಿದ ಎಳೆಗೂ ಅದರ ಕಾರ್ಡಿಗೂ ಹೊಂದಿಸಿ ನೋಡಿದೆ. ಎಳೆ ಮೇಲೆದ್ದ ಕಡೆ ಕಾರ್ಡಿನಲ್ಲಿ ತೂತು. ಒಂದು ಹೊಂದಿತು, ಇನ್ನೊಂದು ಹೊಂದಿತು. ಅವತ್ತು ನಾನು ಊಟಕ್ಕೆ ಏಳಲಿಲ್ಲ.

"ಏನ ಮಾಡಾಕತ್ತೀಯವ್ವಾ, ಛಲೋ ಚಾದರ ಹರದ ಹಾಕಿದೆಲ್ಲ?" ಎಂದಳು ಅವ್ವ.

"ಓದಾಕತ್ತೀನಿ."

"ಸಾಲಿ ಬಿಡಿಸಿದ್ದ ಛಲೋ ಆತು ಹಂಗಾದ್ರ. ಪುಸ್ತಕಾನೂ ಹಿಂಗ ಹರೀತಿದ್ದಿ."

ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದು: ಕಲಿಸುವವರು ಸಿಗದಿದ್ದರೆ ಮಾಡಿ ಮುಗಿದದ್ದನ್ನು ಬಿಚ್ಚಿ ನೋಡಿರಿ. ಹೆಣೆದ ಕ್ರಮದಲ್ಲಿ ಗೊತ್ತಾಗದ್ದು ಬಿಚ್ಚುವ ಕ್ರಮದಲ್ಲಿ ಗೊತ್ತಾಗುತ್ತದೆ. ಬಿಚ್ಚಲು ನಿಮ್ಮದೇ ಚಾದರ ಇರಲಿ, ಅಷ್ಟೆ.

ಆಗಿನ ಸಲಕರಣೆ ಎಂದರೆ ತೂತು ತೂತಿನ ಎರಡು ಉಕ್ಕಿನ ತಗಡು, ನಡುವೆ ಕಾರ್ಡು, ಮೇಲೆ ಮೊಳೆಯಂಥ ಪಂಚು, ಕೈಯಲ್ಲಿ ಕಟ್ಟಿಗೆಯ ಸುತ್ತಿಗೆ. ಮಾಸ್ತರ ಇಲ್ಲದ ದಿನ ನಾನು ರದ್ದಿ ಕಾರ್ಡಿನ ಮೇಲೆ ಹೊಡೆದು ಹೊಡೆದು ನೋಡುತ್ತಿದ್ದೆ. ಒಮ್ಮೆ ಅವನು ಜ್ವರದಿಂದ ಮಲಗಿದ. ಎದುರುಬದರಾಗಿ ನಿಂತ ಎರಡು ನವಿಲಿನ ಚಾದರಕ್ಕೆ ಗಿರಾಕಿ ಕಾಯುತ್ತಿದ್ದ. ನಾ ಹೊಡೀತೀನಿ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕ, ಆದರೆ ಬೇರೆ ದಾರಿ ಇರಲಿಲ್ಲ.

ನವಿಲಿನ ಗ್ರಾಫ್ ಎರಡು ಹಾಳೆಯಲ್ಲಿತ್ತು, ಎಡದ ನವಿಲಿಗೊಂದು, ಬಲದ ನವಿಲಿಗೊಂದು. ನಾನು ಹಾಳೆಗಳನ್ನು ಅದಲು ಬದಲು ಇಟ್ಟುಕೊಂಡು ಇಡೀ ಮಾಲೆ ಹೊಡೆದು ಮುಗಿಸಿದೆ. ಒಂದು ತೂತೂ ತಪ್ಪಿರಲಿಲ್ಲ, ಎಲ್ಲವೂ ತಪ್ಪಿತ್ತು. ಮಗ್ಗದಿಂದ ಇಳಿದ ಚಾದರದಲ್ಲಿ ನವಿಲುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು.

ಅಪ್ಪ ಬಹಳ ಹೊತ್ತು ನೋಡಿದ. "ಯಾಕವ್ವಾ ಶಾಂತಾ, ಇವು ಯಾಕ ಸಿಟ್ಟಾಗ್ಯಾವ?"

ಅಪ್ಪ ಅದನ್ನು ಅಂಗಡಿಗೆ ಒಯ್ದು ಹೊರಗೆ ತೂಗುಹಾಕಿದ. ಪೇಠದ ವ್ಯಾಪಾರಿಗಳು ಬಂದು ನೋಡಿ ನಕ್ಕರು, ರುಸವಾ ನವಿಲು, ಅಂದರೆ ಮುನಿಸಿಕೊಂಡ ನವಿಲು ಎಂದು ಹೆಸರಿಟ್ಟರು. ಹೊಸದಾಗಿ ಮದುವೆಯಾದವರು ಅದನ್ನೇ ಕೇಳಿ ಒಯ್ದರು. ಅದರ ಮಾಲೆ ನಮ್ಮಲ್ಲಿ ಬಹಳ ಕಾಲ ಓಡಿತು. ತಪ್ಪು ಮಾರಾಟವಾಯಿತು ಎಂದು ನಾನು ಹಿಗ್ಗಲಿಲ್ಲ. ಒಂದೊಂದು ತೂತು ಸರಿ ಇದ್ದೂ ಇಡೀ ಕೆಲಸ ತಪ್ಪಾಗಬಹುದು ಎಂಬುದು ನನ್ನನ್ನು ಹೆದರಿಸಿತು. ಅಂದಿನಿಂದ ಮೊದಲ ನಾಲ್ಕಾರು ಕಾರ್ಡು ಹೊಡೆದ ಮೇಲೆ ಎದ್ದು, ದೂರ ಹೋಗಿ, ನೀರು ಕುಡಿದು, ಬೇರೆಯವರ ಕೆಲಸ ನೋಡುವ ಹಾಗೆ ಬಂದು ನೋಡುತ್ತೇನೆ.

ಜ್ವರ ಬಿಟ್ಟು ಬಂದ ಮಾಸ್ತರ ಮಾಲೆಯನ್ನು ಬೆಳಕಿಗೆ ಹಿಡಿದು ನೋಡಿದ. "ಯಾರ ಕಲಿಸಿದರ ನಿನಗ?"

"ಚಾದರ ಕಲಿಸ್ತರಿ."

"ಚಾದರ ಕಲಿಸ್ತಂತ. ಹಾಳಿ ಎಡ ಯಾವುದು, ಬಲ ಯಾವುದು ಅಂತ ಕಲಿಸಲಿಲ್ಲೇನು ಆ ಚಾದರ?" ಎಂದು ಹೇಳಿ ಸ್ವಲ್ಪ ಸರಿದು ಕೂತ. ಗೋಡೆಗಲ್ಲ, ಪಕ್ಕಕ್ಕೆ. ನನಗೆ ಕಾಗದ ಕಾಣುವ ಹಾಗೆ. ಅದೇ ಅವನು ನನಗೆ ಮಾಡಿದ ಉಪದೇಶ.

ಆಮೇಲೆ ಅಪ್ಪ ಪಿಯಾನೋ ಮಷಿನ್ ತಂದ. ಹೆಸರು ಹಾಗೆ, ಸಂಗೀತ ಬರುವುದಿಲ್ಲ. ಬೆರಳುಗಳಿಂದ ಗುಂಡಿ ಒತ್ತಬೇಕು, ಕಾಲಿಂದ ತುಳಿಯಬೇಕು, ಒಂದು ತುಳಿತಕ್ಕೆ ಒಂದು ಸಾಲು ತೂತು. ಸಾಲಿಗೆ ಎಂಟು ಮನೆ. ನಾನು ಗ್ರಾಫನ್ನು ಎಂಟೆಂಟು ಚೌಕವಾಗಿ ಕಣ್ಣಲ್ಲಿ ಎತ್ತಿ ಬೆರಳಿಗೆ ಕೊಡುತ್ತಿದ್ದೆ. ಬಹಳ ವರ್ಷದ ಮೇಲೆ ಕಂಪ್ಯೂಟರೂ ಎಂಟೆಂಟಾಗಿ ಗಂಟು ಕಟ್ಟಿಕೊಂಡೇ ಎಣಿಸುತ್ತದೆ ಎಂದು ಕೇಳಿದಾಗ, ಊರಿನವರು ಪರಸ್ಥಳದಲ್ಲಿ ಸಿಕ್ಕಷ್ಟು ಖುಷಿಯಾಯಿತು.

ಚಿಕ್ಕಪುಟ್ಟ ಸಂಗತಿ ಬಹಳ ಇವೆ. ಮಳೆಗಾಲದಲ್ಲಿ ಕಾರ್ಡು ಉಬ್ಬಿ ಸೂಜಿ ತಡೆಯುತ್ತದೆ. ಮಾಲೆಯನ್ನು ಒಲೆಯ ಕೋಣೆಯಲ್ಲಿ ತೂಗು ಹಾಕಿರಿ. ಒಮ್ಮೆ ಒಂದು ಚಾದರದ ಕಮಲದಲ್ಲಿ ಎಲ್ಲೂ ಇಲ್ಲದ ಒಂದು ಎಳೆ ಎದ್ದು ಬಂತು. ಎಷ್ಟು ಹುಡುಕಿದರೂ ನನ್ನ ತಪ್ಪು ಸಿಗಲಿಲ್ಲ. ಕೊನೆಗೆ ನೋಡಿದರೆ ರಟ್ಟಿನಲ್ಲಿ ಹುಳ ಕೊರೆದ ತೂತು, ಪಂಚಿನಿಂದ ಹೊಡೆದದ್ದಕ್ಕಿಂತ ದುಂಡಗಿತ್ತು. ಮಗ್ಗ ಅದನ್ನೂ ನಂಬಿತ್ತು. ಯಾರು ಮಾಡಿದ ತೂತು, ಯಾಕೆ ಮಾಡಿದ ತೂತು ಎಂದು ಅದು ಕೇಳುವುದಿಲ್ಲ.

ಇನ್ನು ರಾಖಣದಾರನ ಮಾತು. ರಾಖಣದಾರ ಎಂದರೆ ನಮ್ಮ ಕಡೆ ಹೊಲ ಕಾಯುವವನು. ನಮ್ಮ ಪೇಠದಲ್ಲಿ ಡಿಸೈನ್ ಕದಿಯುವುದು ನಡೆದೇ ಇತ್ತು. ಯಾರದೋ ಮಾಲೆ ಎರಡು ದಿನಕ್ಕೆ ಕಾಣೆಯಾಗಿ ಮತ್ತೆ ಬಂದು ಕೂರುತ್ತಿತ್ತು. ಅಷ್ಟರಲ್ಲಿ ಅದರ ನಕಲು ಆಗಿರುತ್ತಿತ್ತು. ಅದಕ್ಕೆ ಮಾಸ್ತರಗಳು ಒಂದು ಉಪಾಯ ಮಾಡುತ್ತಿದ್ದರು. ಆರ್ಡರ್ ಮುಗಿದು ಮಾಲೆ ಮಡಚಿ ಇಡುವಾಗ ಒಂದು ಸರಿಯಾದ ಕಾರ್ಡು ತೆಗೆದು, ಅಲ್ಲಿ ಒಂದು ತಪ್ಪು ಕಾರ್ಡು ಪೋಣಿಸುತ್ತಿದ್ದರು. ಅದೇ ರಾಖಣದಾರ. ಕದ್ದವನ ಚಾದರದಲ್ಲಿ ದೋಷ ಬರುತ್ತಿತ್ತು. ಮತ್ತೆ ಮಗ್ಗಕ್ಕೆ ಏರಿಸುವಾಗ ಮಾಸ್ತರನೇ ಬಂದು ರಾಖಣದಾರನನ್ನು ಇಳಿಸಬೇಕು. ಅವನು ಇದ್ದಾನೆ, ಎಲ್ಲಿ ಕೂತಿದ್ದಾನೆ ಎಂಬುದು ಹೊಡೆದವರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರುತ್ತಿರಲಿಲ್ಲ.

ಮಾಸ್ತರನ ರಾಖಣದಾರ ಒಬ್ಬನೇ, ಒರಟು. ಚಾದರಕ್ಕೆ ಅಡ್ಡ ಗೆರೆ ಬೀಳುತ್ತಿತ್ತು, ಜಾಣನಾದ ಕಳ್ಳ ಹಿಡಿಯುತ್ತಿದ್ದ. ನಾನು ಬೇರೆ ಯೋಚನೆ ಮಾಡಿದೆ. ದೂರ ದೂರದ ಮೂರು ಕಾರ್ಡಿನಲ್ಲಿ, ಒಂದೇ ಹುಕ್ಕಿಗೆ ಸೇರುವ ಒಂದೊಂದು ತೂತು ಹೊಡೆಯದೆ ಬಿಟ್ಟೆ. ಅದೂ ಆ ಹುಕ್ಕು ಬಹಳ ಹೊತ್ತು ಎದ್ದು ಎದ್ದು ಬಂದ ಜಾಗದ ಕೊನೆಯಲ್ಲಿ. ಆಗ ದೋಷ ಕಾರ್ಡಿನದು ಅನಿಸುವುದೇ ಇಲ್ಲ, ಹುಕ್ಕಿನದು ಅನಿಸುತ್ತದೆ. ಕದ್ದವನು ಕಾರ್ಡು ಬಿಟ್ಟು ಮಗ್ಗ ಬಿಚ್ಚುತ್ತ ಕೂರಬೇಕು. ಮಾಸ್ತರನಿಗೆ ತೋರಿಸಿದೆ. ಅವನು, "ಕ್ಯಾ ಬೇಟಿ, ಇಷ್ಟ ತಲಿ ಒಳ್ಳೆ ಕೆಲಸಕ್ಕ ಓಡಸ" ಎಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ನೀಲಾ ನನಗಿಂತ ಆರು ವರ್ಷ ಚಿಕ್ಕವಳು. ಮ್ಯಾಟ್ರಿಕ್ ಓದಿದ್ದಳು. ಮದುವೆಗೆ ಮುಂಚೆ ಒಂದು ವರ್ಷ ನನ್ನ ಪಕ್ಕ ಕೂತು ಕಲಿತಳು. ನಾನು ಕಲಿಸಿದೆ, ಸುಳ್ಳು ಹೇಳಬಾರದು, ಮನಸ್ಸಿಟ್ಟು ಕಲಿಸಿದೆ, ರಾಖಣದಾರನ ಗುಟ್ಟೊಂದನ್ನು ಬಿಟ್ಟು. ಅವಳು ಬಂದ ಮೊದಲ ವಾರವೇ ಪ್ರತಿ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರ್ ಬರೆಯತೊಡಗಿದಳು. ಯಾವ ಮಾಸ್ತರನೂ ಹಾಗೆ ಮಾಡುತ್ತಿರಲಿಲ್ಲ. ಕದಿಯುವವನಿಗೆ ಅನುಕೂಲ ಎಂದು.

"ಕಳ್ಳಗ ಅನುಕೂಲ ಆಗಬಾರದಂತ ನಮಗ ನಾವ ತ್ರಾಸ ಮಾಡ್ಕೊಳೂದೇನ ಅಕ್ಕಾ?" ಎಂದಳು.

ಮಾಲೆ ಹರಿದು ನೆಲಕ್ಕೆ ಬಿದ್ದ ದಿನ, ನಾನು ಒಂದೊಂದು ಕಾರ್ಡನ್ನೂ ಬೆಳಕಿಗೆ ಹಿಡಿದು ಜಾಗ ಹುಡುಕುವಷ್ಟರಲ್ಲಿ, ಅವಳು ನಂಬರ್ ನೋಡಿ ಎಲ್ಲವನ್ನೂ ಜೋಡಿಸಿ ಮುಗಿಸಿದಳು. ಅಪ್ಪ ಅವಳ ತಲೆ ಸವರಿದ. ನನಗೆ ಸಂತೋಷವಾಗಬೇಕಿತ್ತು. ಅವಳಿಗೆ ಸಾಲಿಯ ಓದು ಇತ್ತು, ಮದುವೆ ಗೊತ್ತಾಗಿತ್ತು. ನನ್ನ ಪಾಲಿಗೆ ಇದ್ದದ್ದು ಈ ಒಂದು ಮಷಿನ್. ಅದರ ಮುಂದೆಯೂ ಅವಳೇ ಕೂತಳಲ್ಲ ಅನಿಸಿತು.

ಅವಳನ್ನು ಕುರನೂರಿನ ಹೊಲಮನೆಯವರಿಗೆ ಕೊಟ್ಟರು. ಬೋರಿ ಹೊಳೆಯ ದಂಡೆಯ ಭೂಮಿ, ದೊಡ್ಡ ಕುಟುಂಬ. ನೀಲಾ ಅಲ್ಲಿಗೆ ಹೋಗಿ ಎರಡು ವರ್ಷಕ್ಕೆ ಮಾವನನ್ನು ಒಪ್ಪಿಸಿ ಅಕ್ಕಲಕೋಟೆಯಲ್ಲಿ ಒಂದು ಜಕಾರ್ಡ್ ಮಗ್ಗ ಹಾಕಿಸಿದಳು. ಅಲ್ಲಿಯ ಮಠಕ್ಕೆ ದರ್ಶನಕ್ಕೆ ಬಂದವರು ಹೋಗುವಾಗ ಒಂದು ಚಾದರ ಒಯ್ಯುತ್ತಾರೆ ಎಂಬುದು ಅವಳ ಲೆಕ್ಕ. ಮಾವನವರ ಷರತ್ತು ಒಂದೇ: ಸುಗ್ಗಿಯವರೆಗೆ ನೋಡುತ್ತೇನೆ, ಮಾಲು ಚೊಕ್ಕ ಬಂದರೆ ಮಗ್ಗ ಇರುತ್ತದೆ, ಇಲ್ಲದಿದ್ದರೆ ನೀನು ಹೊಲಕ್ಕೆ.

ಅಪ್ಪ ಅವಳಿಗೆ ನಮ್ಮ ಒಳ್ಳೆಯ ಡಿಸೈನೊಂದನ್ನು ಕೊಟ್ಟ, ಬಿಳಿ ನೆಲದ ಮೇಲೆ ಕಡುಗೆಂಪು ಬಳ್ಳಿ. "ಬಳ್ಳಿ ಮಾಲಿ ತಗದ ಕೊಡವ್ವಾ ನೀಲಾಗ" ಎಂದ. ಅದರ ಗ್ರಾಫ್ ಕಾಗದ ಇಲಿ ಕಡಿದು ಹಾಳಾಗಿತ್ತು, ಉಳಿದದ್ದು ಮಾಲೆ ಮಾತ್ರ. ಅದರೊಳಗೆ ನನ್ನ ಮೂವರು ರಾಖಣದಾರರು ಕೂತಿದ್ದರು. ತೆಗೆದಿಟ್ಟ ಮೂರು ಸರಿಯಾದ ಕಾರ್ಡು ಮಡಚಿಕೊಂಡು ಪಿಯಾನೋ ಮಷಿನಿನ ಅಲ್ಲಾಡುವ ಕಾಲಿನ ಕೆಳಗೆ ಇದ್ದವು. ನಾನು ಮಾಲೆಯನ್ನು ಗೋಣಿಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಅವಳ ಗಂಡ ಶಿವಾನಂದನ ಕೈಗೆ ಕೊಟ್ಟೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ತಿಂಗಳೊಳಗೆ ನೀಲಾ ಒಂದು ಚಾದರ ಮಡಚಿಕೊಂಡು ಸೊಲ್ಲಾಪುರಕ್ಕೆ ಬಂದಳು. ಪಡಸಾಲೆಯಲ್ಲಿ ಹಾಸಿದಳು. ಕೆಂಪು ಬಳ್ಳಿಯಲ್ಲಿ ಮೂರು ಕಡೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ಒಂದು ಬಳ್ಳಿಯಲ್ಲಲ್ಲ, ಎಲ್ಲ ಬಳ್ಳಿಯಲ್ಲಿ, ಅದೇ ಜಾಗದಲ್ಲಿ.

"ಅಕ್ಕಾ, ವ್ಯಾಪಾರಿ ಇದನ್ನ ಸೆಕೆಂಡ್ ಮಾಲ ಅಂತಾನ. ಮಾವನೋರು ದಿನಾ ಬಂದ ಚುಕ್ಕಿ ಎಣಸ್ತಾರ. ಹುಕ್ಕಿನ ದೋಷ ಅಂತ ಎಲ್ಲಾರೂ ಅಂತಾರ. ಖರೆ, ಹುಕ್ಕ ಕೆಟ್ಟಿದ್ರ ಎಲ್ಲಾ ಕಡೆ ಚುಕ್ಕಿ ಬರಬೇಕಲ್ಲ? ಮೂರ ಕಡೆನ ಯಾಕ ಬರ್ತಾವ?"

ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ನನ್ನ ಕೆಲಸದ ಅವಧಿಯಲ್ಲಿ ಇನ್ನಾರೂ ಕೇಳಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವಳೇ ಕಾರ್ಡಿಗೆ ಬರುತ್ತಿದ್ದಳು.

"ಕಾರ್ಡ ನೋಡಿದೇನ?" ಎಂದೆ.

"ಕಾರ್ಡ ಯಾಕ ನೋಡ್ಲಿ? ನೀ ಹೊಡದದ್ದು." ಅವಳು ನಕ್ಕಳು. "ಮನ್ಯಾಗ ಎಲ್ಲಾರಿಗೂ ಹೇಳೀನಿ, ನಮ್ಮ ಅಕ್ಕನ ಕಾರ್ಡ ತಪ್ಪಿರಂಗಿಲ್ಲ, ಅದನ್ನ ಮುಟ್ಟಬ್ಯಾಡ್ರಿ ಅಂತ."

ಆಗ ಹೇಳಬಹುದಿತ್ತು. ಮೂರು ತೂತು ಹೊಡೆದರೆ ಮುಗಿಯುತ್ತಿತ್ತು. ನಾನು ಚಾದರದ ಮೇಲೆ ಬಗ್ಗಿ, ಬಳ್ಳಿಯನ್ನು ಬೆರಳಿಂದ ಹಿಂದಕ್ಕೆ ಹಿಂದಕ್ಕೆ ಸವರಿ, ಬಹಳ ತಿಳಿದವಳ ಹಾಗೆ ಹೇಳಿದೆ: "ಇಲ್ಲಿ ನೋಡು. ಇಷ್ಟ ಉದ್ದ ಆ ಹುಕ್ಕ ಒಂದ ಸವನ ಎದ್ದ ಎದ್ದ ಬಂದದ. ಸತತ ಎದ್ರ ಅದರ ಸ್ಪ್ರಿಂಗ ದಣೀತದ. ದಣದಲ್ಲೆ ಒಂದ ಎಳಿ ಬಿಡ್ತದ. ಸ್ಪ್ರಿಂಗ ನೋಡು."

ಅವಳ ಮುಖ ಅರಳಿತು. "ಹೌದಲ್ಲ? ಸ್ಪ್ರಿಂಗ ದಣೀತದ. ನನಗ ಹೊಳೀಲೇ ಇಲ್ಲ ನೋಡು."

ಕಳ್ಳರಿಗಾಗಿ ಕಟ್ಟಿದ ಸುಳ್ಳು ಅದು. ಅದನ್ನು ಬಾಯಿಬಿಟ್ಟು ಹೇಳಿದ್ದು ಅವಳಿಗೊಬ್ಬಳಿಗೇ. ಅವಳು ಮಷಿನ್ ಸಾಮಾನಿನ ಅಂಗಡಿಗೆ ಹೋಗಿ ಸ್ಪ್ರಿಂಗು ಕಟ್ಟಿಸಿಕೊಂಡು ಅದೇ ದಿನ ಗಾಡಿ ಹತ್ತಿದಳು.

ಮನಸ್ಸು ತಡೆಯದೆ ಕೆಲವು ವಾರದ ಮೇಲೆ ನಾನು ಅಕ್ಕಲಕೋಟೆಗೆ ಹೋದೆ. ಚೀಲದಲ್ಲಿ ಕೈಪಂಚು ಇಟ್ಟುಕೊಂಡಿದ್ದೆ. ಯಾರೂ ಇಲ್ಲದಾಗ ಮಗ್ಗ ಏರಿ ಮೂರು ತೂತು ಹೊಡೆದು ಇಳಿದುಬಿಡುವುದು ನನ್ನ ಯೋಚನೆ. ಅಷ್ಟು ಸಾಕು, ಹೇಳುವುದೇ ಬೇಡ.

ಹೋಗಿ ನೋಡಿದರೆ ಮಗ್ಗ ನಿಂತಿತ್ತು. ನೀಲಾ ಜಕಾರ್ಡಿನ ಪೆಟ್ಟಿಗೆ ಬಿಚ್ಚಿ, ಸೂಜಿ, ಹುಕ್ಕು, ಸ್ಪ್ರಿಂಗುಗಳನ್ನು ಧೋತರದ ಮೇಲೆ ಸಾಲಾಗಿ ಹರವಿ ಕೂತಿದ್ದಳು. ಪ್ರತಿ ಸಾಲಿಗೂ ಚೀಟಿ, ಚೀಟಿಯ ಮೇಲೆ ನಂಬರ್. ಮೊಣಕೈವರೆಗೆ ಕರಿ ಎಣ್ಣೆ. ಅವಳ ಮಾವ ಬಾಗಿಲಲ್ಲಿ ಕಟ್ಟಿಗೆಯ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಶಿವಾನಂದ ತಲೆ ತಗ್ಗಿಸಿ ನಿಂತಿದ್ದ.

"ಬರ್ರಿ ಶಾಂತವ್ವಾ," ಎಂದರು ಮಾವ. "ನಿಮ್ಮ ತಂಗಿ ಮಗ್ಗದ ಕರಳು ಪಚ್ಚಿ ಎಲ್ಲಾ ಹೊರಗ ತಗದಾಳ. ಮತ್ತ ಕೂಡಸ್ತಾಳಂತ. ನಮ್ಮ ಎತ್ತಿಗೆ ಹಿಂಗ ಮಾಡಲಿಲ್ಲಲ್ಲ, ಪುಣ್ಯಾ."

ನೀಲಾ ತಲೆ ಎತ್ತದೆ, "ಕೂಡಸ್ತೀನ್ರಿ ಮಾವ" ಎಂದಳು.

"ಕಾರ್ಡಿನಾಗ ಏನರೆ ಇದ್ದೀತಲ್ಲ? ಅವರು ಬಂದಾರ, ಅವರನ್ನ ಕೇಳಿ ಬಿಡು."

"ಕಾರ್ಡ ನೋಡೂದ ಬ್ಯಾಡ್ರಿ. ಅಕ್ಕ ಹೊಡದಾಳ."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈ ಚೀಲದೊಳಗೆ ಪಂಚಿನ ಮೇಲಿತ್ತು. ಈಗ ಹೇಳಿದರೆ ನಮ್ಮ ಮನೆಯ ಮಾನ, ಅಪ್ಪನ ಮಾನ, ನೀಲಾಳ ಮಾತಿನ ಮಾನ ಹೋಗುತ್ತದೆ ಎಂದು ನೆಪ ಸಿಕ್ಕಿತು. ಚಹಾ ಕುಡಿದು ಹೊರಟೆ. ಅವಳು ಎಣ್ಣೆಗೈಯನ್ನು ದೂರ ಹಿಡಿದು, ಗದ್ದದಿಂದ ನನ್ನ ಭುಜ ಒತ್ತಿ ಕಳಿಸಿದಳು.

ಗಾಡಿ ಹೋಟಗಿ ಜಂಕ್ಷನ್ನಿಗೆ ಬಂದಾಗ ಇಳಿದುಬಿಟ್ಟೆ. ತಿರುಗಿ ಹೋಗಿ ಹೇಳೋಣ ಎಂದು. ಹೋಟಗಿಯಲ್ಲಿ ಕೂತವರಿಗೆ ಗೊತ್ತು, ಅಲ್ಲಿ ಎಲ್ಲ ಕಡೆಗೂ ಗಾಡಿ ಸಿಗುತ್ತವೆ. ಅಕ್ಕಲಕೋಟೆಯ ಕಡೆ ಹೋಗುವ ಗಾಡಿ ಬಂತು, ನಿಂತಿತು, ಹೋಯಿತು. ಶೇಂಗಾ ಮಾರುವವಳು ಕೇಳಿದಳು, "ಎಲ್ಲಿಗಿ ಹೋಗವರ್ರಿ ಬಾಯಾರ?" ಅವಳ ಹತ್ತಿರ ಶೇಂಗಾ ಕೊಂಡೆ. ಆಮೇಲೆ ಬಂದ ಸೊಲ್ಲಾಪುರದ ಗಾಡಿ ಹತ್ತಿದೆ.

ನೀಲಾ ಮಗ್ಗ ಕೂಡಿಸಿದಳು, ಒಂದು ಸ್ಕ್ರೂ ಸಹ ಹೆಚ್ಚಾಗಿ ಉಳಿಯದ ಹಾಗೆ ಕೂಡಿಸಿದಳಂತೆ. ಚುಕ್ಕೆ ಹೋಗಲಿಲ್ಲ. ಸುಗ್ಗಿಗೆ ಮಾವನವರು ಮಗ್ಗ ಮಾರಿದರು. ನೀಲಾ ಕುರನೂರಿನ ಹೊಲಕ್ಕೆ ಹೋದಳು. ಕೊಂಡವನು ಬೇರೆ ಮಾಲೆ ಹಾಕಿದ, ಅವನ ಚಾದರದಲ್ಲಿ ಚುಕ್ಕೆ ಬರಲಿಲ್ಲ. ಆಗ ಜನ, ಮಗ್ಗ ಸರಿ ಇತ್ತು, ಆಕಿ ಕೈ ಸರಿ ಇರಲಿಲ್ಲ ಎಂದರು. ಅವಳೂ ಹಾಗೇ ನಂಬಿದಳು. ನಮ್ಮ ಮನೆಗೆ ಬಂದಾಗ ಮಷಿನ್ ಇರುವ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಪ್ಪ ಕರೆದರೆ, "ನನ್ನ ಕೈಗಿ ಅದು ಒಲಿಯೂದಿಲ್ಲಪ್ಪಾ" ಎಂದು ಅಡುಗೆಮನೆಗೆ ಹೋಗುತ್ತಿದ್ದಳು.

ನಾನು ಆಮೇಲೆ ಎಂದೂ ರಾಖಣದಾರನನ್ನು ಇಡಲಿಲ್ಲ. ಕಾರ್ಡಿಗೆ ನಂಬರ್ ಬರೆಯತೊಡಗಿದೆ. ಹೊಸಬರು, ಇದು ಯಾರ ಪದ್ಧತಿ ಎಂದು ಕೇಳಿದರೆ, ನಮ್ಮ ತಂಗಿಯದು ಎಂದು ಹೇಳುತ್ತಿದ್ದೆ. ಪ್ರಾಯಶ್ಚಿತ್ತ ಮಾಡಿದ ಹಾಗೆ ಅನಿಸುತ್ತಿತ್ತು. ಅವಳಿಗೆ ಅದರಿಂದ ಏನೂ ಸಿಗಲಿಲ್ಲ. ವಯಸ್ಸಾದ ಮೇಲೆ, ನಾನು ಕೊನೆಗೆ ಸೇರಿದ ಕಾರ್ಖಾನೆಗೆ ಕಂಪ್ಯೂಟರ್ ಬಂತು. ತೂತು ಹೋಗಿ ಪರದೆಯ ಮೇಲೆ ಕಪ್ಪು ಚೌಕ ಬಂತು. ನಾನು ಕಲಿತೆ, ಬಿಚ್ಚಿ ನೋಡಿಯೇ ಕಲಿತೆ, ಎರಡು ಸಲ ಎಲ್ಲವನ್ನೂ ಅಳಿಸಿಬಿಟ್ಟೆ. ಆ ಯಂತ್ರಕ್ಕೆ ಒಂದು ಗುಣ ಇದೆ: ಸುತ್ತ ಕಪ್ಪು ಇರುವಲ್ಲಿ ಒಂಟಿಯಾಗಿ ಬಿಳಿ ಉಳಿದಿದ್ದರೆ, ಇದು ತಪ್ಪಿರಬಹುದೇ ಎಂದು ಕೇಳುತ್ತದೆ. ಮೊದಲ ಸಲ ಅದು ಕೇಳಿದಾಗ ನಾನು ಕುರ್ಚಿ ಹಿಂದೆ ಸರಿಸಿ ಎದ್ದು ಹೊರಗೆ ಹೋದೆ.

ಹುಡುಗಿ ಬರೆದುಕೊಡಿ ಎಂದ ಮೇಲೆ, ಬರೆಯುವ ಮುಂಚೆ ಹೇಳಬೇಕಾದವಳಿಗೆ ಹೇಳಬೇಕು ಅನಿಸಿತು. ಕುರನೂರಿಗೆ ಹೋದೆ. ನೀಲಾ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೆಳಗೆ ಹಾಸಿದ್ದು ಅದೇ ಚಾದರ. ಕೆಂಪು ಮಾಸಿ ಕಂದಾಗಿತ್ತು.

"ಇನ್ನಾ ಇಟ್ಟೀಯೇನ ಇದನ್ನ?"

"ಗಟ್ಟಿ ಅದ. ಚುಕ್ಕಿ ಇದ್ರ ಹುಣಸಿಹಣ್ಣಿಗೇನ ತ್ರಾಸು?"

ನಾನು ಎದುರಿಗೆ ಕೂತೆ. ಹಣ್ಣು ಬಿಡಿಸುತ್ತಲೇ ರಾಖಣದಾರ ಎಂದರೇನು ಎಂದು ಹೇಳಿದೆ. ಈ ಚಾದರದ ಮಾಲೆಯಲ್ಲಿ ಮೂರು ಇದ್ದವು ಎಂದೆ. ಅವಳ ಕೈ ನಿಂತಿತು. ಹಣ್ಣನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡು, ಚಾದರದ ಮೇಲೆ ಬಗ್ಗಿದಳು.

"ಮೂರೂ ಒಂದ ಹುಕ್ಕಿಗೆ?"

"ಹೂಂ."

"ಉದ್ದ ಎದ್ದಲ್ಲೆ, ಕಡೀಕ." ಅವಳ ಬೆರಳು ಬಳ್ಳಿಯ ಮೇಲೆ ಹಿಂದಕ್ಕೆ ಹೋಗಿ ಚುಕ್ಕೆಗೆ ಬಂದು ನಿಂತಿತು. "ಇಲ್ಲಿ. ಇಲ್ಲಿ. ಮತ್ತ ಇಲ್ಲಿ. ಭಾರಿ ಮಾಡೀಯಲ್ಲ. ಅದಕ್ಕ ಹುಕ್ಕ ಅನಸ್ತದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಡಸಾಲೆಯಲ್ಲಿ ನನ್ನ ಪಕ್ಕ ಕೂತು ಕಲಿಯುತ್ತಿದ್ದಾಗಿನ ದನಿ ಅದು. ನಾನು ಅದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. "ಹಂಗಾದ್ರ ಸ್ಪ್ರಿಂಗ? ಸ್ಪ್ರಿಂಗ ಖರೇನ ದಣೀತದೇನ ಅಕ್ಕಾ?"

"ಇಲ್ಲ. ದಣಿಯೂದಿಲ್ಲ."

ಅವಳು ಕನ್ನಡಕ ತೆಗೆದಳು. ಹುಣಸೆಯ ನಾರು ಅಂಟಿದ ತನ್ನ ಬೆರಳುಗಳನ್ನು ಮುಂದೆ ಚಾಚಿ, ಅವು ಬೇರೆ ಯಾರವೋ ಎಂಬಂತೆ ಎರಡೂ ಕಡೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು.

"ನಾ ಚಾದರ ತಂದು ಕೇಳಿದೆಲ್ಲ, ಅವತ್ತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು ನೀಲಾ. ಅಕ್ಕಲಕೋಟಿಗಿ ಬಂದಾಗೂ ಗೊತ್ತಿತ್ತು, ಚೀಲದಾಗ ಪಂಚ ಇತ್ತು. ನೀ ನನಗಿಂತ ಛಲೋ ಮಾಡ್ತಿದ್ದಿ, ನನಗ ಅದು ತಡೀಲಿಲ್ಲ. ನಿನ್ನ ಕೈ ತಪ್ಪಿರಲಿಲ್ಲವ್ವಾ. ಎಂದೂ ತಪ್ಪಿರಲಿಲ್ಲ. ತಪ್ಪ ಮಾಡಿದಾಕಿ ನಾನು. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋ."